ಗೋಧಿಗೆ ಬಂದ ಮಳೆ

ಜನವರಿ 1, 2021, ಶುಕ್ರವಾರ

ಆಗ್ರಾ ದಾಟಿದ ಮೇಲೆ ರೈಲಿನ ಕಿಟಕಿಯಲ್ಲಿ ಏನೂ ಕಾಣಲಿಲ್ಲ. ಮಂಜು ಅಂದರೆ ನಮ್ಮ ಕಡೆ ಹಿಂಗಾರಿ ಜೋಳದ ಮೇಲೆ ತಾಸೆರಡು ತಾಸು ನಿಂತು, ಬಿಸಿಲೇರುತ್ತಲೇ ಕರಗಿಹೋಗುವಂಥದ್ದು. ಇಲ್ಲಿ ಹಳಿಯ ಪಕ್ಕದ ಕಂಬವೂ ಕಾಣುತ್ತಿರಲಿಲ್ಲ. ರೈಲು ನಿಲ್ಲುವುದು, ಹತ್ತು ಮಾರು ಹೋಗುವುದು, ಮತ್ತೆ ನಿಲ್ಲುವುದು. ಕಾಕಾ ಕಿಟಕಿಗೆ ಮುಖ ಹಚ್ಚಿ ಕೂತಿದ್ದರು. "ತಮ್ಮಾ, ಹೊರಗ ಊರು ಐತೋ ಇಲ್ಲೋ?" ಎಂದರು.

ಬೆಳಗಾವಿಯಲ್ಲಿ ಹತ್ತಿ ಎರಡು ರಾತ್ರಿ ಕಳೆದಿದ್ದವು. ನಿಜಾಮುದ್ದೀನ್ ನಿಲ್ದಾಣದಲ್ಲಿ ಇಳಿದಾಗ ನಾಲ್ಕು ತಾಸು ತಡವಾಗಿತ್ತು. ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಆ ಬೆಳಗಿನ ಕನಿಷ್ಠ ತಾಪಮಾನ 1.1 ಡಿಗ್ರಿ. ಹದಿನೈದು ವರ್ಷಗಳಲ್ಲಿ ಜನವರಿಯ ಅತಿ ಕಡಿಮೆ ಎಂದು ಸಂಜೆ ಗೊತ್ತಾಯಿತು. ಬೆಳಿಗ್ಗೆ ಗೊತ್ತಾಗಿದ್ದು ಇಷ್ಟೇ: ಚೀಲದ ಹಿಡಿಕೆ ಹಿಡಿದ ಬೆರಳು ಬಿಡಿಸಲು ಬರುತ್ತಿರಲಿಲ್ಲ.

ಕಾಕಾ ನಮ್ಮೂರ ಹಿರಿಯರು, ನವಲಗುಂದ ತಾಲ್ಲೂಕಿನ ಎರಿ ಹೊಲದ ರೈತರು. ವಯಸ್ಸು 62. ಮಲಪ್ರಭಾ ನೀರಿನ ಅಭಿವೃದ್ಧಿ ಕರದ ವಿರುದ್ಧ 1980ರಲ್ಲಿ ನರಗುಂದ-ನವಲಗುಂದದ ರೈತರು ಎದ್ದು ನಿಂತರಲ್ಲ, ಜುಲೈ 21ರಂದು ಗೋಲಿಬಾರ್ ಆಯಿತಲ್ಲ, ಆ ದಿನ ಅವರು 22ರ ಹುಡುಗ, ಆ ಗುಂಪಿನಲ್ಲೇ ಇದ್ದವರು. ಅಂದಿನಿಂದ ಅವರ ಹೆಗಲಿನ ಹಸಿರು ಶಾಲು ಇಳಿದಿಲ್ಲ. ಕಳಸಾ-ಬಂಡೂರಿಗಾಗಿ 2015ರ ಜುಲೈಯಲ್ಲಿ ನರಗುಂದದಲ್ಲಿ ಶುರುವಾದ ಧರಣಿ ವರ್ಷಗಟ್ಟಲೆ ನಡೆದಾಗ ನಾನೂ ಅವರ ಜೊತೆ ಪೆಂಡಾಲಿನಲ್ಲಿ ಕೂತಿದ್ದೇನೆ. ಆದರೆ ನಾನು ಹೋಗುತ್ತಿದ್ದ ದಿನಗಳಲ್ಲಿ ಸಂಜೆ ಬಸ್ಸಿಗೆ ಮನೆ ಸೇರುತ್ತಿದ್ದೆ. ಬಿಸಿಲಿಗೆ ಕೂತು ಗೊತ್ತಿತ್ತು, ರಾತ್ರಿಗೆ ಕೂತು ಗೊತ್ತಿರಲಿಲ್ಲ. ಕೇಂದ್ರದ ಮೂರು ಕೃಷಿ ಕಾಯ್ದೆಗಳ ವಿರುದ್ಧ ದೆಹಲಿ ಗಡಿಯಲ್ಲಿ ಮನೆ ಬಿಟ್ಟು ಬಂದು ಮಲಗಿರುವ ರೈತರನ್ನು ಒಮ್ಮೆ ಕಣ್ಣಾರೆ ನೋಡಬೇಕು ಎಂಬ ಹಟ ಇಬ್ಬರಿಗೂ ಹತ್ತಿತ್ತು. ಕಾಕಾ ಟ್ರಂಕಿನಿಂದ ಕರಿ ಕಂಬಳಿ ತೆಗೆದು ಮಡಚಿಟ್ಟುಕೊಂಡು ಹೊರಟೇಬಿಟ್ಟರು.

ಸಿಂಘು ಗಡಿಗೆ ಆಟೊ ಹಿಡಿದೆವು. ಪೊಲೀಸರ ತಡೆಗಳ ಹತ್ತಿರ ಇಳಿದು ನಡೆಯಬೇಕು. ಸಿಮೆಂಟಿನ ದಿಮ್ಮಿ, ಮುಳ್ಳುತಂತಿ, ಮಣ್ಣು ತುಂಬಿ ಅಡ್ಡ ನಿಲ್ಲಿಸಿದ ಲಾರಿಗಳು, ಅವನ್ನೆಲ್ಲ ಬಳಸಿ ದಾಟಿದರೆ ಆಚೆ ರಾಷ್ಟ್ರೀಯ ಹೆದ್ದಾರಿ 44ರ ಉದ್ದಕ್ಕೂ ಟ್ರ್ಯಾಕ್ಟರು, ಟ್ರಾಲಿ. ಕೊನೆ ಕಾಣಲಿಲ್ಲ. ಮಂಜಿನಿಂದ ಕಾಣಲಿಲ್ಲ ಅಂದುಕೊಂಡೆವು. ಮಾರನೆಯ ದಿನ ಮಂಜು ತೆಳುವಾದಾಗಲೂ ಕಾಣಲಿಲ್ಲ.

ಬಿಸಿ ಚಹಾ ಕೈಗೆ ಬಂತು. ಯಾರು ಕೊಟ್ಟರೋ ನೋಡುವಷ್ಟರಲ್ಲಿ ಅವರು ಮುಂದೆ ಹೋಗಿದ್ದರು. ಕಾಕಾನ ಹಸಿರು ಶಾಲು ನೋಡಿ ಒಬ್ಬ ಹಿರಿಯರು ತಡೆದು ನಿಲ್ಲಿಸಿದರು. ಬಿಳಿ ಗಡ್ಡ, ನೀಲಿ ಪೇಟ, ಮೈಗೆ ದಪ್ಪ ಖೇಸ್ ಸುತ್ತಿಕೊಂಡಿದ್ದರು. ಎಲ್ಲಿಂದ ಎಂದು ಕೇಳಿದರು. ಕರ್ನಾಟಕ ಎಂದೆ. ಅವರು ಕಾಕಾನ ಎರಡೂ ಕೈ ಹಿಡಿದುಕೊಂಡು, "ವೀರ್‌ಜೀ, ನಿಮ್ಮ ಕೈ ತಣ್ಣಗಿವೆ" ಎಂದು ಬೆಂಕಿಯ ಕಡೆ ಕರೆದೊಯ್ದರು. ಅವರನ್ನು ಎಲ್ಲರೂ ಬಾಪೂಜಿ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಅವರದು ಫತೇಗಢ ಸಾಹಿಬ್ ಜಿಲ್ಲೆ. ರಾತ್ರಿ ಅವರ ಟ್ರಾಲಿಯಲ್ಲೇ ನಮಗೂ ಜಾಗವಾಯಿತು.

ಜನವರಿ 2

ಟ್ರಾಲಿಯ ಬಗ್ಗೆ ಬರೆಯಲೇಬೇಕು. ಭಾಷಣ, ಘೋಷಣೆ, ಮಾತುಕತೆಯ ಸುದ್ದಿ ಎಲ್ಲ ಕಡೆ ಬಂದಿದೆ, ಟ್ರಾಲಿಯ ಒಳಗನ್ನು ಯಾರೂ ಸರಿಯಾಗಿ ಹೇಳಿಲ್ಲ ಎಂದು ನನ್ನ ಕೊರಗು.

ನಮ್ಮ ಕಡೆ ಕಬ್ಬು ಹೇರುವ ಟ್ರೇಲರಿನಂಥದೇ ಕಬ್ಬಿಣದ ಗಾಡಿ. ತಳದ ತಗಡಿನ ಮೇಲೆ ಮೊಣಕಾಲೆತ್ತರ ಭತ್ತದ ಹುಲ್ಲು, ಅವರ ಬಾಯಲ್ಲಿ ಪರಾಲಿ. ಅದರ ಮೇಲೆ ಗಾದಿ, ಗಾದಿಯ ಮೇಲೆ ರಜಾಯಿ. ಮೇಲೆ ಬಿದಿರಿನ ಕಮಾನು ಕಟ್ಟಿ ತಾಡಪತ್ರಿ ಬಿಗಿದಿದ್ದಾರೆ. ಹುಲ್ಲಿನ ದಂಟು ಒಳಗೆ ಪೊಳ್ಳು. ಆ ಪೊಳ್ಳಿನಲ್ಲಿ ನಿಂತ ಗಾಳಿ ತಗಡಿನ ತಣ್ಪನ್ನು ಮೈಗೆ ಹತ್ತಗೊಡುವುದಿಲ್ಲ. ಕಾಕಾ ಅಂಗೈ ಒಳಗೆ ತೂರಿಸಿ ನೋಡಿ, "ನಾವು ದನಕ್ಕ ಹಾಸ್ತೀವಿ ನೋಡ್, ಅದೇ ಲೆಕ್ಕ" ಎಂದರು. ಇದೇ ಹುಲ್ಲನ್ನು ಸುಡುವುದರಿಂದ ದೆಹಲಿಗೆ ಹೊಗೆ ಎಂದು ಪ್ರತಿ ಚಳಿಗಾಲ ದೂರು ಕೇಳುತ್ತೇವೆ. ಡಿಸೆಂಬರ್ 30ರ ಮಾತುಕತೆಯಲ್ಲಿ ಸರ್ಕಾರ ಒಪ್ಪಿಕೊಂಡ ಎರಡು ವಿಷಯಗಳಲ್ಲಿ ಹುಲ್ಲು ಸುಟ್ಟವರ ಮೇಲಿನ ದಂಡವೂ ಒಂದು, ವಿದ್ಯುತ್ ಮಸೂದೆ ಇನ್ನೊಂದು. ಮೂರು ಕಾಯ್ದೆಗಳು ಹಾಗೆಯೇ ಉಳಿದಿದ್ದವು.

ಈ ಜನ ನವೆಂಬರ್ 26ಕ್ಕೆ ಹೊರಟವರು. ಭತ್ತ ಮಾರಿ, ಗೋಧಿ ಬಿತ್ತಿ, ಆರು ತಿಂಗಳ ರೇಷನ್ ಹೇರಿಕೊಂಡು ಬಂದೆವು ಎನ್ನುತ್ತಾರೆ. ದಾರಿಯಲ್ಲಿ ಹರಿಯಾಣದ ಅಂಬಾಲಾ, ಕರ್ನಾಲ್‌ಗಳಲ್ಲಿ ಜಲಫಿರಂಗಿ ಹೊಡೆಸಿಕೊಂಡರು. ಆ ಚಳಿಯಲ್ಲಿ ಮೈತುಂಬ ನೀರು ಸುರಿಯುವುದನ್ನು ಲಾಠಿಗಿಂತ ಮೆದು ಎಂದು ಅಧಿಕಾರಿಗಳು ಭಾವಿಸಿರಬಹುದು. ಒದ್ದೆ ಬಟ್ಟೆಯಲ್ಲಿ ಟ್ರ್ಯಾಕ್ಟರ್ ಮೇಲೆ ಗಾಳಿಗೆ ಕೂತವನಿಗೆ ಕೇಳಬೇಕು ಅದು ಮೆದುವೋ ಏನೋ.

ಬೆಳಿಗ್ಗೆ ಸ್ನಾನಕ್ಕೆ ದೇಸಿ ಗೀಸರ್ ಇತ್ತು. ನಮ್ಮ ಬಚ್ಚಲ ಹಂಡೆಯ ತಮ್ಮನಂಥದು: ನಡುವೆ ಕಟ್ಟಿಗೆ ಉರಿಯುವ ಕೊಳವೆ, ಸುತ್ತ ನೀರು. ಒಂದು ಕಡೆ ತಣ್ಣೀರು ಹೊಯ್ದರೆ ಇನ್ನೊಂದು ಕಡೆಯಿಂದ ಅಷ್ಟೇ ಬಿಸಿನೀರು ಹೊರಗೆ ಬರುತ್ತದೆ. ಅದರ ಮುಂದೆ ಸಾಲು. ಅಲ್ಲೇ ವೈದ್ಯಕೀಯ ಶಿಬಿರದ ಒಬ್ಬ ಯುವ ಡಾಕ್ಟರರ ಜೊತೆ ಮಾತಾಡಿದೆ. ರಾತ್ರಿ ರಜಾಯಿಯ ಬಿಸಿಯಿಂದ ಎದ್ದು ಮೂತ್ರಕ್ಕೆಂದು ಹೊರಗೆ ಹೋಗುವ ಹಿರಿಯರದೇ ತಮಗೆ ಭಯ ಎಂದರು. ಒಮ್ಮೆಲೇ ಥಂಡಿಗೆ ರಕ್ತನಾಳ ಬಿಗಿಯುತ್ತದೆ, ರಕ್ತದೊತ್ತಡ ಏರುತ್ತದೆ, ಮೊದಲೇ ದಣಿದ ಹೃದಯಕ್ಕೆ ಅದು ಸಾಕು. ಅದಕ್ಕಾಗಿ ಹಲವರು ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ, ಅದು ಇನ್ನೊಂದು ಕೇಡು. ಹೆಂಗಸರು ಶೌಚಾಲಯ ದೂರವೆಂದು ಹಗಲಿಗೂ ನೀರು ಬಿಟ್ಟಿದ್ದಾರೆ. ಟ್ರಾಲಿಯ ಒಳಗೆ ಇದ್ದಿಲ ಅಗ್ಗಿಷ್ಟಿಕೆ ಇಟ್ಟು ತಾಡಪತ್ರಿ ಮುಚ್ಚಿ ಮಲಗಬೇಡಿ ಎಂದು ಅವರು ಪ್ರತಿ ಸಂಜೆ ಟ್ರಾಲಿಯಿಂದ ಟ್ರಾಲಿಗೆ ಹೇಳುತ್ತ ಹೋಗುತ್ತಾರೆ. ಬಣ್ಣವಿಲ್ಲದ, ವಾಸನೆಯಿಲ್ಲದ ವಿಷದ ಗಾಳಿ, ನಿದ್ದೆಯಲ್ಲೇ ಕೊಲ್ಲುತ್ತದೆ.

ಆ ಹೊತ್ತಿಗೆ ಗಡಿಗಳಲ್ಲಿ ಸತ್ತವರು ಐವತ್ತು ದಾಟಿದ್ದಾರೆ ಎಂದು ರೈತ ಸಂಘಟನೆಗಳು ಹೇಳುತ್ತಿದ್ದವು. ಥಂಡಿ, ಹೃದಯಾಘಾತ, ರಸ್ತೆ ಅಪಘಾತ. ಸತ್ತವರ ಫೋಟೊಗಳನ್ನು ಒಂದು ಬ್ಯಾನರಿನ ಮೇಲೆ ಸಾಲಾಗಿ ಅಂಟಿಸಿದ್ದರು. ಕಾಕಾ ಒಂದೊಂದರ ಮುಂದೂ ನಿಂತರು. ಬಿಳಿ ಗಡ್ಡಗಳೇ ಹೆಚ್ಚು.

ರಾತ್ರಿ ಗುಡುಗಿತು.

ಜನವರಿ 3, ಭಾನುವಾರ

ನಸುಕಿನಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಚಳಿಗಾಲದಲ್ಲಿ ಹೀಗೆ ಮಳೆ ಬರುವುದು ನಮ್ಮ ಸೀಮೆಯವರಿಗೆ ವಿಚಿತ್ರ. ಮೆಡಿಟರೇನಿಯನ್ ಕಡೆ ಹುಟ್ಟಿ ಇರಾನ್, ಅಫ್ಘಾನಿಸ್ತಾನ ದಾಟಿ ಬರುವ ಪಶ್ಚಿಮದ ಮೋಡಗಳು ಹಿಮಾಲಯದಲ್ಲಿ ಹಿಮವಾಗಿ, ಬಯಲಿನಲ್ಲಿ ಮಳೆಯಾಗಿ ಸುರಿಯುತ್ತವೆ. ಮೋಡ ಇರುವಷ್ಟು ದಿನ ರಾತ್ರಿಯ ತಾಪ ಸ್ವಲ್ಪ ಏರುತ್ತದೆ, ಮೋಡ ಸರಿದ ಮೇಲೆ ಹಿಮದ ಮೇಲಿಂದ ಬೀಸುವ ಗಾಳಿ ಮತ್ತೆ ಕೊರೆಯುತ್ತದೆ. ಅಂದರೆ ಲೆಕ್ಕದಲ್ಲಿ ಆ ಬೆಳಿಗ್ಗೆ ಹಿಂದಿನ ಎರಡು ದಿನಕ್ಕಿಂತ ಬೆಚ್ಚಗಿತ್ತು. ಮೈಗೆ ಹಾಗೆ ಅನಿಸಲೇ ಇಲ್ಲ. ಒಣ ಚಳಿಯನ್ನು ಕೌದಿ ತಡೆಯುತ್ತದೆ, ಒದ್ದೆ ಚಳಿ ಕೌದಿಯನ್ನೇ ಹಿಡಿಯುತ್ತದೆ.

ಟ್ರಾಲಿಯವರು ಬಚಾವಾದರು. ರಸ್ತೆಯಿಂದ ಮೂರು ಅಡಿ ಎತ್ತರದಲ್ಲಿ ಮಲಗಿದ್ದವರಿಗೆ ತಳದಿಂದ ನೀರು ಬರಲಿಲ್ಲ. ತಾಡಪತ್ರಿಯ ಜೋಲಿನಲ್ಲಿ ತುಂಬಿದ ನೀರನ್ನು ಕೋಲಿನಿಂದ ಎತ್ತಿ ಚೆಲ್ಲುತ್ತಿದ್ದರೆ ಆಯಿತು. ಡಾಂಬರಿನ ಮೇಲೆ ಡೇರೆ ಹಾಕಿದವರ ಗತಿ ಬೇರೆ. ಹೆದ್ದಾರಿ ನಡುವೆ ಉಬ್ಬು, ಅಂಚಿಗೆ ಇಳಿಜಾರು, ಡೇರೆಗಳಿದ್ದದ್ದು ಅಂಚಿನಲ್ಲಿ. ಗಾದಿ ನೀರು ಕುಡಿದು ಇಬ್ಬರು ಎತ್ತಿದರೂ ಏಳದಷ್ಟು ಭಾರವಾಯಿತು. ಕಟ್ಟಿಗೆ ತೊಯ್ದು ಹೊಗೆ ಬಿಟ್ಟಿತೇ ಹೊರತು ಉರಿಯಲಿಲ್ಲ. ಆದರೂ ಹತ್ತು ಗಂಟೆಗೆ ಲಂಗರಿನಲ್ಲಿ, ಅಂದರೆ ಸಿಖ್ಖರ ಉಚಿತ ಸಾಮೂಹಿಕ ಅಡುಗೆಮನೆಯಲ್ಲಿ, ರೊಟ್ಟಿ ಬೇಯುತ್ತಿತ್ತು. ಗ್ಯಾಸ್ ಒಲೆಯನ್ನು ಟ್ರಾಲಿಯ ಅಡಿಗೆ ಎಳೆದುಕೊಂಡು, ನಾಲ್ಕು ಹುಡುಗರು ಮೇಲೆ ಪ್ಲಾಸ್ಟಿಕ್ ಹಾಳೆ ಹಿಡಿದು ನಿಂತಿದ್ದರು. ಅವರ ಬೆನ್ನು ಮಳೆಗೇ ಇತ್ತು.

ನಾನೂ ಕಾಕಾನೂ ಇಟ್ಟಂಗಿ ಹೊತ್ತೆವು. ಒಂದು ಡೇರೆಯಲ್ಲಿ ಹೆಂಗಸರು, ಮಕ್ಕಳು. ಇಟ್ಟಂಗಿಯ ಮೇಲೆ ಹಲಗೆ, ಹಲಗೆಯ ಮೇಲೆ ಒಣ ಹುಲ್ಲು. ನೀರು ಹರಿಯಲು ಸಲಿಕೆಯಿಂದ ಅಂಚಿನ ಮಣ್ಣಿನಲ್ಲಿ ಕಾಲುವೆ ತೋಡಿದರು. ಹೊಲಕ್ಕೆ ನೀರು ಹಾಯಿಸುವ ಕೈ, ಹೊಲದಿಂದ ನೀರು ತೆಗೆಯುವುದೂ ಅದಕ್ಕೆ ಗೊತ್ತು. ಯಾರೂ ಅಪ್ಪಣೆ ಕೊಡಲಿಲ್ಲ, ಯಾರೂ ಕೇಳಲಿಲ್ಲ. ಪಟ್ಟಣದ ಜನ ಇಂಥ ಮಳೆಗೆ ಸಿಕ್ಕಿದ್ದರೆ ಎರಡನೇ ದಿನ ಚದುರುತ್ತಿದ್ದರು ಎಂದು ಅನಿಸಿತು, ಇದನ್ನು ಅವರನ್ನು ಹೀಗಳೆದು ಹೇಳುತ್ತಿಲ್ಲ. ಪೌಷದ ನಡುರಾತ್ರಿ ಕರೆಂಟು ಬಂದಾಗ ಎದ್ದು ಗೋಧಿಗೆ ನೀರು ಕಟ್ಟುವುದನ್ನು ಹುಟ್ಟಿದಾಗಿನಿಂದ ಮಾಡಿದವರಿಗೆ ಈ ಥಂಡಿ ಪರಿಚಯದ್ದು. ಹವೆ ಇವರನ್ನು ಮಣಿಸುತ್ತದೆ ಎಂದು ಯಾರಾದರೂ ಕಾದು ಕೂತಿದ್ದರೆ, ಅವರು ಗೋಧಿಯ ಹೊಲ ನೋಡಿರಲಿಕ್ಕಿಲ್ಲ.

ಮಧ್ಯಾಹ್ನ ಬಾಪೂಜಿ ಫೋನಿನಲ್ಲಿದ್ದರು. ಊರಿಗೆ ಮಾಡಿದ್ದರು. ಮುಖ ಅರಳಿತ್ತು. ಪಂಜಾಬಿಯಲ್ಲಿ ಏನೋ ಕೇಳಿ, ಕೇಳಿದ್ದನ್ನೇ ಮತ್ತೆ ಕೇಳಿ, ಕೊನೆಗೆ ನಮ್ಮ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು: "ನಮ್ಮ ಹೊಲದಲ್ಲೂ ಬಿದ್ದಿದೆ. ಚೆನ್ನಾಗಿ ಬಿದ್ದಿದೆ."

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಕಾಕಾಗೆ ತಿಳಿಯಿತು. ಗೋಧಿ ತೆನೆ ಕಟ್ಟುವ ಮುಂಚೆ ಬೀಳುವ ಈ ಮಳೆ ಒಂದು ಇಡೀ ನೀರಾವರಿ ಉಳಿಸುತ್ತದೆ. ಯೂರಿಯಾ ಹಾಕಿ ಆಗಿದ್ದರಂತೂ ಬಂಗಾರ. ಅದೇ ಮೋಡ, ಅದೇ ಮಳೆ. ಇಲ್ಲಿ ಅವರ ಗಾದಿ ತೊಯ್ಯಿಸುತ್ತದೆ, ಇನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ ಅವರ ಬೆಳೆ ಕಾಯುತ್ತದೆ. ಬಾಪೂಜಿ ತೊಯ್ದ ಪೇಟ ಹಿಂಡುತ್ತ ಆ ಮಳೆಯನ್ನು ಹೊಗಳುತ್ತಿದ್ದರು. ಕಾಕಾ ಎದ್ದು ಹೋಗಿ ಅವರ ಪಕ್ಕ ಕೂತರು. ಇಬ್ಬರಿಗೂ ಒಂದೇ ಭಾಷೆ ಇರಲಿಲ್ಲ, ಹಿಂದಿ ಕಾಕಾಗೆ ಅಷ್ಟಕ್ಕಷ್ಟೇ. ಬಹಳ ಹೊತ್ತು ಮಳೆ ನೋಡುತ್ತ ಕೂತರು.

ಸಂಜೆ ಕಾಕಾ ತಮ್ಮ ಕಂಬಳಿಯನ್ನು ಕೊಪ್ಪಿ ಮಾಡಿ ಬಾಪೂಜಿಯ ತಲೆಗೆ ಹಾಕಿದರು. ನಮ್ಮ ಕಡೆ ಮಳೆಗಾಲದಲ್ಲಿ ಹೊಲಕ್ಕೆ ಹೋಗುವವರು ಹಾಕಿಕೊಳ್ಳುವ ಹಾಗೆ, ಒಂದು ಮೂಲೆ ಮಡಚಿ ತಲೆಗೆ, ಉಳಿದದ್ದು ಬೆನ್ನಿಗೆ. ಕುರಿಯ ಉಣ್ಣೆಯ ಜಿಡ್ಡು ನೀರನ್ನು ಒಳಗೆ ಬಿಡುವುದಿಲ್ಲ, ಹನಿ ಜಾರಿ ಕೆಳಗಿಳಿಯುತ್ತದೆ. ಬಾಪೂಜಿ ಅದನ್ನು ತೋರಿಸಿಕೊಂಡು ನಾಲ್ಕು ಟ್ರಾಲಿ ತಿರುಗಿ ಬಂದರು.

ಜನವರಿ 4

ಟಿಕ್ರಿ ಗಡಿಗೆ ಹೋದೆವು. ಬಹಾದುರ್‌ಗಢದ ಕಡೆ ಮೆಟ್ರೊ ಹಳಿ ರಸ್ತೆಯ ನೆತ್ತಿಯ ಮೇಲೇ ಸಾಗುತ್ತದೆ, ಅದರ ಕೆಳಗೆ ಧರಣಿ. ವಿಳಾಸವೆಲ್ಲ ಕಂಬದ ನಂಬರಿನಲ್ಲಿ: ಇಂಥ ಊರಿನವರು ಇಷ್ಟನೇ ಕಂಬದ ಹತ್ತಿರ. ಮಳೆ ಬಂದಾಗ ಹಳಿಯ ಅಡಿಗೆ ಸ್ವಲ್ಪ ಒಣ ಪಟ್ಟಿ ಸಿಗುತ್ತದೆ ಎಂದುಕೊಂಡರೆ, ಮೇಲಿನ ಸಂದುಗಳಿಂದ ಇಳಿಯುವ ನೀರು ಧಾರೆಯಾಗಿ ಅಲ್ಲೇ ಬೀಳುತ್ತಿತ್ತು. ಪಂಜಾಬಿನ ಮಾಳ್ವಾ ಭಾಗದ ಹೆಂಗಸರು ಇಲ್ಲಿ ಬಹಳ. ಹಳದಿ ದುಪಟ್ಟಾ ತೊಟ್ಟವರ ಸಾಲು ಮಳೆಯಲ್ಲೂ ವೇದಿಕೆಯ ಮುಂದೆ ಅಲ್ಲಾಡದೆ ಕೂತಿತ್ತು, ತಲೆಯ ಮೇಲೆ ಒಂದೇ ಉದ್ದನೆಯ ಪ್ಲಾಸ್ಟಿಕ್ ಹಾಳೆ, ಅಂಚನ್ನು ಎಲ್ಲರೂ ಹಿಡಿದಿದ್ದರು.

ಒಬ್ಬ ಅಜ್ಜಿಯ ಕೈ ಬೆರಳು ಕೆಂಪಗೆ ಊದಿದ್ದವು. ಥಂಡಿಗೆ ಹೀಗಾಗುತ್ತದೆ, ಬೆಂಕಿಗೆ ನೇರ ಹಿಡಿದರೆ ಇನ್ನೂ ತುರಿಕೆ, ಉರಿ. ಅವರು ಸಾಸಿವೆ ಎಣ್ಣೆ ಬಿಸಿ ಮಾಡಿ ತಿಕ್ಕಿಕೊಳ್ಳುತ್ತಿದ್ದರು. "ಮನೆಗೆ ಹೋಗಿ ಬರಬಾರದೇ ಬೀಬೀಜಿ?" ಎಂದು ಕೇಳಿದೆ. ಕೇಳಬಾರದಿತ್ತು. ಅವರು ನನ್ನ ಮುಖವನ್ನೇ ನೋಡಿ, "ಪುತ್ತರ್, ಮನೆ ಉಳಿಸಿಕೊಳ್ಳಲಿಕ್ಕೇ ಬಂದಿದ್ದೇನೆ" ಎಂದು ಮತ್ತೆ ಎಣ್ಣೆ ತಿಕ್ಕತೊಡಗಿದರು.

ಹರಿಯಾಣದ ಹಳ್ಳಿಗಳಿಂದ ಹಾಲಿನ ಕ್ಯಾನು, ಒಣ ಕಟ್ಟಿಗೆ ಬರುತ್ತಿದ್ದವು. ಮಳೆಯ ಮಧ್ಯೆ ಒಣ ಕಟ್ಟಿಗೆ ಎಂದರೆ ಯಾರೋ ತಮ್ಮ ಮನೆಯ ಅಟ್ಟದಿಂದ ಇಳಿಸಿ ತಂದದ್ದು.

ಸಂಜೆ ಏಳನೇ ಸುತ್ತಿನ ಮಾತುಕತೆ ಮುರಿಯಿತು, ಮುಂದಿನದು 8ಕ್ಕೆ ಎಂದು ಸುದ್ದಿ ಬಂತು. ಟಿಕ್ರಿಯಲ್ಲಿ ಯಾರೂ ಕೂಗಾಡಲಿಲ್ಲ. ಒಬ್ಬ ಹುಡುಗ ತಾಡಪತ್ರಿಯ ಹಗ್ಗ ಬಿಚ್ಚಿ ಇನ್ನೊಂದು ಗಂಟು ಬಿಗಿಯಾಗಿ ಹಾಕಿದ.

ಜನವರಿ 5

ಗಾಜಿಪುರ ಗಡಿ. ಮಳೆ. ಇಲ್ಲಿ ಪಶ್ಚಿಮ ಉತ್ತರ ಪ್ರದೇಶದ ಕಬ್ಬಿನ ರೈತರು, ಮೇಲ್ಸೇತುವೆಯ ಮೇಲೂ ಕೆಳಗೂ. ಹುಕ್ಕಾದ ಸುತ್ತ ಕೂತ ಹಿರಿಯರಿಗೆ ತಮ್ಮ ಹಿಂದಿನ ರೈತ ನಾಯಕ ಮಹೇಂದ್ರ ಸಿಂಗ್ ಟಿಕಾಯತ್ ಕಾಲದ ಚಳಿಯೇ ಮಾತು. 1988ರ ಜನವರಿ ಕೊನೆಯಲ್ಲಿ ಮೀರತ್ ಕಮಿಷನರ್ ಕಚೇರಿಯ ಮುಂದೆ ಕೂತವರು ಮೂರು ವಾರಕ್ಕೂ ಮೀರಿ ಏಳಲಿಲ್ಲ, ಆಗಲೂ ಚಳಿಗೆ ಸತ್ತರು. ಅದೇ ವರ್ಷ ಅಕ್ಟೋಬರಿನಲ್ಲಿ ದೆಹಲಿಯ ಬೋಟ್ ಕ್ಲಬ್ ಮೈದಾನ ತುಂಬಿದರು. ಕಾಕಾ ನಂಜುಂಡಸ್ವಾಮಿಯವರ ಹೆಸರು ಹೇಳಿದರು. ಒಬ್ಬರಿಗೆ ನೆನಪಿತ್ತು. ಕಾಕಾಗೆ ಅದು ಸಾಕಾಯಿತು, ದಾರಿಯುದ್ದಕ್ಕೂ ಅದನ್ನೇ ಹೇಳಿದರು. ಒದ್ದೆ ಕಾಲುಚೀಲದಲ್ಲಿ ಇಡೀ ದಿನ ನಡೆದು ನನಗೆ ಜ್ವರ ಬಂದಿತ್ತು. ಬೇರೆ ಏನೂ ಬರೆದಿಟ್ಟಿಲ್ಲ.

ಜನವರಿ 6 ಮತ್ತು 7

6ರಂದು ಸಿಂಘುವಿಗೆ ಮರಳಿದಾಗ ಬಾಪೂಜಿ ನನಗೆ ಬೆಲ್ಲ, ಶುಂಠಿ, ಮೆಣಸು ಕುದಿಸಿ ಕುಡಿಸಿದರು. ಮಧ್ಯಾಹ್ನಕ್ಕೆ ಮೋಡ ಸ್ವಲ್ಪ ಹರಿದು ಬಿಸಿಲು ಬಂತು. ಕಾಲು ಗಂಟೆಯೂ ಆಗಿರಲಿಲ್ಲ, ಹೆದ್ದಾರಿಯ ಬಣ್ಣವೇ ಬದಲಾಯಿತು: ಪ್ರತಿ ಬೇಲಿ, ಪ್ರತಿ ಟ್ರ್ಯಾಕ್ಟರಿನ ಬಾನೆಟ್ಟು, ಪೊಲೀಸರ ಮುಳ್ಳುತಂತಿಯ ಮೇಲೂ ರಜಾಯಿ, ಪೇಟ, ಮಕ್ಕಳ ಸ್ವೆಟರು. ಮುಳ್ಳುತಂತಿಯ ಆಚೆ ನಿಂತ ಜವಾನರ ರೇನ್‌ಕೋಟುಗಳೂ ಒಣಗುತ್ತಿದ್ದವು. ಅವರಲ್ಲಿ ಒಬ್ಬನಿಗೆ ಲಂಗರಿನ ಹುಡುಗ ಚಹಾ ದಾಟಿಸಿದ. ಆತನೂ ಯಾವುದೋ ಹಳ್ಳಿಯ ರೈತನ ಮಗನೇ ಇರಬೇಕು, ಲೋಟ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

7ಕ್ಕೆ ಟ್ರ್ಯಾಕ್ಟರುಗಳು ಎಕ್ಸ್‌ಪ್ರೆಸ್‌ವೇ ಮೇಲೆ ಮೆರವಣಿಗೆ ಹೊರಟವು, ಗಣರಾಜ್ಯೋತ್ಸವದ ಮೆರವಣಿಗೆಗೆ ತಾಲೀಮು. ಐದು ದಿನ ಕೆಸರಿನಲ್ಲಿ ನಿಂತ ಇಂಜಿನುಗಳು ಒಂದೊಂದಾಗಿ ಶುರುವಾಗುವ ಸದ್ದು ಕೇಳುತ್ತ ನಾವು ಗಂಟುಮೂಟೆ ಕಟ್ಟಿದೆವು. ಕಂಬಳಿಯನ್ನು ಬಾಪೂಜಿ ಮಡಚಿ ತಂದುಕೊಟ್ಟರು. ಕಾಕಾ ತೆಗೆದುಕೊಳ್ಳಲಿಲ್ಲ. "ಹೇಳ್ ತಮ್ಮಾ ಅವರಿಗೆ, ನಮ್ಮ ಕಡೆ ಇಷ್ಟು ಥಂಡಿ ಇಲ್ಲ ಅಂತ." ಹೇಳಿದೆ.

ಜುಲೈ 1, 2021, ಗುರುವಾರ

ಆರು ತಿಂಗಳ ನಂತರ ಬೇರೊಂದು ಕೆಲಸಕ್ಕೆ ದೆಹಲಿಗೆ ಬಂದೆ, ಎರಡು ದಿನ ಉಳಿಸಿಕೊಂಡು ಸಿಂಘುವಿಗೆ ಹೋದೆ. ಈ ಸಲ ಒಬ್ಬನೇ. ಕಾಕಾಗೆ ಹತ್ತಿ, ಹೆಸರಿನ ಎಡೆ ಹೊಡೆಯುವ ಕೆಲಸ ಮುಗಿದಿರಲಿಲ್ಲ.

ಅಷ್ಟರಲ್ಲಿ ಏನೇನೋ ಆಗಿತ್ತು. ಜನವರಿ 12ಕ್ಕೆ ಸುಪ್ರೀಂ ಕೋರ್ಟು ಕಾಯ್ದೆಗಳನ್ನು ತಡೆಹಿಡಿಯಿತು. 26ರ ಮೆರವಣಿಗೆ ಕೆಂಪುಕೋಟೆಯ ಗಲಭೆಯಲ್ಲಿ ಮುಗಿದು, ಚಳವಳಿ ಅಂದೇ ಸತ್ತಿತು ಎಂದರು. 28ರ ರಾತ್ರಿ ಗಾಜಿಪುರದಲ್ಲಿ ನೀರು, ವಿದ್ಯುತ್ ಕಡಿತವಾಗಿ, ಮಹೇಂದ್ರ ಸಿಂಗ್ ಅವರ ಮಗ ರಾಕೇಶ್ ಟಿಕಾಯತ್ ಕ್ಯಾಮೆರಾ ಮುಂದೆ ಕಣ್ಣೀರು ಹಾಕಿ, ಹಳ್ಳಿಯಿಂದ ತಂದ ನೀರನ್ನೇ ಕುಡಿಯುವೆ ಎಂದರು. ಬೆಳಗಾಗುವಷ್ಟರಲ್ಲಿ ಊರೂರಿಂದ ಜನ ಬಿಂದಿಗೆಗಳಲ್ಲಿ ನೀರು ಹೊತ್ತು ಬಂದರು. ಏಪ್ರಿಲ್-ಮೇಯಲ್ಲಿ ಕೊರೊನಾದ ಎರಡನೇ ಅಲೆ.

1ನೇ ತಾರೀಖು ದೆಹಲಿಯ ಉಷ್ಣ 43 ಡಿಗ್ರಿ ದಾಟಿತ್ತು. ಮುಂಗಾರು ಇನ್ನೂ ಬಂದಿರಲಿಲ್ಲ, ಆ ವರ್ಷ ದೆಹಲಿಗೆ ಬಂದದ್ದು ಜುಲೈ 13ಕ್ಕೆ. ಹೆದ್ದಾರಿಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಜನವರಿಯಲ್ಲಿ ಜೀವ ಉಳಿಸಿದ ಟ್ರಾಲಿಯ ಕಬ್ಬಿಣ ಈಗ ಕಾದ ಹಂಚು, ಮುಟ್ಟಿದರೆ ಬೊಬ್ಬೆ. ಹಾಗಾಗಿ ಊರೇ ಬದಲಾಗಿತ್ತು. ಮಾರ್ಚಿನಲ್ಲಿ ಕೆಲವರು ಇಟ್ಟಂಗಿಯ ಮನೆ ಕಟ್ಟಲು ಹೊರಟಾಗ ಪೊಲೀಸರು ಕೇಸು ಹಾಕಿ ತಡೆದರು. ಆಮೇಲೆ ಬಿದಿರು ಮತ್ತು ಹುಲ್ಲಿನ ಗುಡಿಸಲು ಎದ್ದವು. ಗೋಡೆಗೂ ಹುಲ್ಲು, ಸೂರಿಗೂ ಹುಲ್ಲು, ಕಿಟಕಿಗೆ ಕೂಲರು.

ಬಾಪೂಜಿ ಇಳಿದುಹೋಗಿದ್ದರು, ಖೇಸ್ ಇಲ್ಲದೆ ಇನ್ನೂ ಸಣ್ಣ ಕಂಡರು. ಮಗ ಭತ್ತದ ನಾಟಿಗೆ ಊರಿಗೆ ಹೋಗಿದ್ದಾನೆ, ಪಂಜಾಬಿನಲ್ಲಿ ಕರೆಂಟು ಕೈಕೊಟ್ಟು ಗದ್ದೆಗೆ ನೀರಿಲ್ಲ, ಮಳೆಯೂ ಇಲ್ಲ ಎಂದರು. ಊರಿನವರು ಪಾಳಿ ಹಾಕಿಕೊಂಡಿದ್ದರು: ಹತ್ತು ದಿನ ಇವರು, ಹತ್ತು ದಿನ ಅವರು, ಇಲ್ಲಿರುವವನ ಹೊಲವನ್ನು ಅಲ್ಲಿರುವವರು ನೋಡುತ್ತಾರೆ. ಪಾಳಿ ತಪ್ಪಿಸಿದ ಮನೆಗೆ ದಂಡದ ಠರಾವು ಮಾಡಿದ ಪಂಚಾಯಿತಿಗಳೂ ಇದ್ದವು. ನಾಟಿಯ ತಿಂಗಳಾದ್ದರಿಂದ ಜನ ಕಡಿಮೆ. ದೂರದಿಂದ ನೋಡಿದವರಿಗೆ ಚಳವಳಿ ಸೊರಗಿದೆ ಅನಿಸುವಷ್ಟು ಕಡಿಮೆ. ಆದರೆ ಲಂಗರಿನ ಪಾತ್ರೆ ಅದೇ ಅಳತೆಯದಿತ್ತು, ರಸ್ತೆಯ ಅಂಚಿನಲ್ಲಿ ಛಬೀಲ್ ನಡೆದೇ ಇತ್ತು. ಹಾಲು, ಗುಲಾಬಿ ಶರಬತ್ತು, ಮಂಜುಗಡ್ಡೆ ಕಲಸಿದ ತಂಪು ಪಾನಕವದು. ಹೋಗಿಬರುವ ಲಾರಿ ಚಾಲಕರಿಗೂ ನಿಲ್ಲಿಸಿ ಕೊಡುತ್ತಿದ್ದರು.

ಚಳಿಯೇ ಕಠಿಣ ಎಂದುಕೊಂಡಿದ್ದೆ. ಬೇಸಿಗೆ ಬೇರೆ ರೀತಿ ತಿನ್ನುತ್ತದೆ. ಚಳಿಯಲ್ಲಿ ಜನ ಬೆಂಕಿಯ ಸುತ್ತ ಕೂಡುತ್ತಾರೆ, ಮಾತಾಗುತ್ತದೆ, ಹಾಡಾಗುತ್ತದೆ. ಈ ಧಗೆಯಲ್ಲಿ ಒಬ್ಬೊಬ್ಬರೂ ತಮ್ಮ ತಮ್ಮ ನೆರಳು ಹಿಡಿದು ಮಲಗಿದ್ದರು. ನೊಣ, ರಾತ್ರಿ ಸೊಳ್ಳೆ. ಹಾಲು ಮಧ್ಯಾಹ್ನಕ್ಕೆ ಒಡೆಯುತ್ತದೆ. ಹುಲ್ಲಿನ ಗುಡಿಸಲಿಗೆ ಒಂದು ಕಿಡಿ ಸಾಕು ಎಂಬ ಹೆದರಿಕೆಯಿಂದ ಅಡುಗೆಯನ್ನು ದೂರ ಸಾಗಿಸಿದ್ದರು. ಭಾಷಣದ ವೇಳೆಯನ್ನೂ ಬಿಸಿಲು ನೋಡಿಯೇ ಗೊತ್ತು ಮಾಡಬೇಕು. ಮೇ ತಿಂಗಳ ಕತೆಯನ್ನೂ ಹೇಳಿದರು: ನಮ್ಮ ಕರಾವಳಿಯನ್ನು ಹೊಡೆದು ಗುಜರಾತಿಗೆ ಹೋದ ತೌಕ್ತೆ ಚಂಡಮಾರುತದ ಉಳಿಕೆ ಮೋಡ ಇಲ್ಲಿಗೂ ಬಂದು, ಮೇ 19ರಿಂದ 20ರ ಬೆಳಗಿನವರೆಗೆ ಸಫ್ದರ್‌ಜಂಗ್‌ನಲ್ಲಿ 119.3 ಮಿಲಿಮೀಟರ್ ಮಳೆ ಸುರಿಯಿತು. ಮೇಯಲ್ಲಿ ದೆಹಲಿ ಒಂದೇ ದಿನಕ್ಕೆ ಅಷ್ಟು ಮಳೆ ಕಂಡಿರಲಿಲ್ಲ. ಹೊಸ ಗುಡಿಸಲುಗಳ ಸೂರು ಹಾರಿ, ಮತ್ತೆ ಹುಲ್ಲು ತಂದು, ಮತ್ತೆ ಕಟ್ಟಿದರು.

ಜುಲೈ 2

ರಾತ್ರಿ ಅವರ ಗುಡಿಸಲಿನಲ್ಲೇ ಮಲಗಿದ್ದೆ. ಕರೆಂಟು ಎರಡು ಸಲ ಹೋಯಿತು. ಎರಡನೇ ಸಲ ಹೋದಾಗ ಬಾಪೂಜಿ ಎದ್ದು ಬಕೆಟ್ಟಿನಲ್ಲಿ ಏನೋ ಅದ್ದಿ, ಬಾಗಿಲಿಗೆ ತೂಗುಹಾಕಿದರು. ಗಾಳಿ ಬೀಸಿದಾಗ ತಂಪು ಬಂತು, ಜೊತೆಗೆ ಒಂದು ವಾಸನೆ: ತೊಯ್ದ ಕುರಿಯ ಉಣ್ಣೆಯದು. ಮನೆಯ ಅಟ್ಟದ ವಾಸನೆ, ಅಜ್ಜನ ಹಾಸಿಗೆಯ ವಾಸನೆ. ಕತ್ತಲಲ್ಲಿ ನನಗೆ ಕಣ್ಣು ತುಂಬಿ ಬಂತು. ಜಿಡ್ಡು ಹೋಗುವಷ್ಟು ಸಲ ತೊಳೆದು ತೊಯ್ಯಿಸಿ ಅದು ಈಗ ನೀರು ಹೀರುತ್ತಿತ್ತು.

ಬೆಳಿಗ್ಗೆ ಹೊರಡುವಾಗ ಆ ಕಂಬಳಿಯ ಫೋಟೊ ತೆಗೆದು ಕಾಕಾಗೆ ಕಳಿಸಿದೆ. ಬಾಪೂಜಿ, ಒಯ್ಯುತ್ತೀಯಾ ಎಂದು ಕೇಳಿದರು. ಬೇಡ ಎನ್ನುವಷ್ಟರಲ್ಲಿ ಅವರೇ ಹೇಳಿದರು: "ಇರಲಿ ಬಿಡು ಪುತ್ತರ್. ಪೋಹ್ ತಿಂಗಳು ಮತ್ತೆ ಬರುತ್ತದೆ, ಆಗ ಬೇಕಾಗುತ್ತದೆ." ಪೋಹ್ ಎಂದರೆ ಅವರ ಪೌಷ, ಡಿಸೆಂಬರ್ ನಡುವಿನಿಂದ ಜನವರಿ ನಡುವಿನವರೆಗೆ. ಜುಲೈಯ ಆ ಉರಿಬಿಸಿಲಿನಲ್ಲಿ ನಿಂತು ಅವರು ಮುಂದಿನ ಚಳಿಯ ಲೆಕ್ಕ ಹಾಕುತ್ತಿದ್ದರು. ನಾಟಿಯ ಹೊತ್ತಿನಲ್ಲೇ ಬಿತ್ತನೆಯ ಬೀಜ ತೆಗೆದಿಡುವವರ ಲೆಕ್ಕ ಅದು.

ಸೆಪ್ಟೆಂಬರ್ 11ರ ಮಳೆಗೆ ಗಾಜಿಪುರದ ಮೇಲ್ಸೇತುವೆಯ ಕೆಳಗೆ ನೀರು ನಿಂತು, ಟಿಕಾಯತ್ ಮತ್ತು ಜೊತೆಗಾರರು ಆ ನೀರಿನಲ್ಲೇ ಕೂತ ಚಿತ್ರವನ್ನು ಊರಿನಲ್ಲಿ ನೋಡಿದೆ. ನವೆಂಬರ್ 19ಕ್ಕೆ ಕಾಯ್ದೆ ಹಿಂದೆಗೆದುಕೊಳ್ಳುವುದಾಗಿ ಪ್ರಧಾನಿ ಹೇಳಿದರು, 29ಕ್ಕೆ ಸಂಸತ್ತು ರದ್ದು ಮಾಡಿತು. ಸತ್ತ ರೈತರು 700ಕ್ಕೂ ಹೆಚ್ಚು ಎಂದು ರೈತ ಸಂಘಟನೆಗಳ ಒಕ್ಕೂಟವಾದ ಸಂಯುಕ್ತ ಕಿಸಾನ್ ಮೋರ್ಚಾ ಎಣಿಸಿತ್ತು. ಅದೇ ವಾರ ಲೋಕಸಭೆಯಲ್ಲಿ, ಆ ಸಾವುಗಳ ದಾಖಲೆ ತನ್ನ ಬಳಿ ಇಲ್ಲ, ಆದ್ದರಿಂದ ಪರಿಹಾರದ ಪ್ರಶ್ನೆ ಏಳುವುದಿಲ್ಲ ಎಂದು ಕೃಷಿ ಸಚಿವಾಲಯ ಲಿಖಿತ ಉತ್ತರ ಕೊಟ್ಟಿತು. ಬ್ಯಾನರಿನ ಮುಂದೆ ಒಂದೊಂದೇ ಫೋಟೊ ನೋಡುತ್ತ ನಿಂತ ಕಾಕಾನ ಬೆನ್ನು ನನಗೆ ನೆನಪಾಯಿತು.

ಡಿಸೆಂಬರ್ 11ರಂದು ಟ್ರಾಲಿಗಳು ಸಿಂಘು ಬಿಟ್ಟವು. ಪೋಹ್ ಶುರುವಾಗಲು ಇನ್ನೂ ಮೂರ್ನಾಲ್ಕು ದಿನ ಇತ್ತು. ಕಾಕಾ ನಮ್ಮ ಮನೆಗೆ ಬಂದು ಫೋನಿನಲ್ಲಿ ವಿಡಿಯೊ ನೋಡಿದರು: ಹೂವಿನ ಹಾರ, ಡೋಲು, ಬಿಚ್ಚಿದ ಬಿದಿರನ್ನೂ ಹುಲ್ಲನ್ನೂ ಬಿಡದೆ ಹೇರಿಕೊಂಡು ಸಾಲಾಗಿ ಹೊರಟ ಟ್ರ್ಯಾಕ್ಟರುಗಳು. ಅವರು ಕನ್ನಡಕ ಸರಿಮಾಡಿಕೊಂಡು ಒಂದೊಂದು ಟ್ರಾಲಿಯನ್ನೂ ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದರು. "ಏನ್ ಹುಡಕಾಕತ್ತೀರಿ ಕಾಕಾ?" ಎಂದೆ.

"ನಮ್ ಕಂಬಳಿ" ಎಂದರು. ಆಮೇಲೆ ಫೋನು ನನ್ನ ಕೈಗೆ ಕೊಟ್ಟು, "ಗೋಧಿಗೆ ಈ ವರ್ಷ ಮಳಿ ಆತಂತೇನು, ಕೇಳು ಅವರಿಗೆ" ಎಂದರು.